ಬಿಡಲು ಬಿಡದ ಆ್ಯಪ್ ಮಾಡುವುದು ಸಮ್ಮಾ ಆಜೀವವೇ?

 
ಇಂದಿನ ಧಮ್ಮ ಚಿಂತನೆ - ಭಾನುವಾರ

ಧಮ್ಮ ಬಂಧುಗಳೇ,

ಇವತ್ತಿನ ಬರಹ ಎಂದಿಗಿಂತ ಉದ್ದವಿದೆ. ರಜಾದಿನ, ನಿಧಾನವಾಗಿ ಓದುತ್ತೀರಿ ಎಂಬ ಧೈರ್ಯದಿಂದ ಕಳಿಸುತ್ತಿದ್ದೇನೆ. ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಒಬ್ಬ ಹುಡುಗ ನನಗೊಂದು ಪ್ರಶ್ನೆ ಕೇಳಿದ. ಆಗ ಉತ್ತರ ಹೊಳೆಯಲಿಲ್ಲ. ವಾರವಿಡೀ ಯೋಚಿಸಿ ಸಿಕ್ಕಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಹುಡುಗ ಎಂದೆ, ಆದರೆ ಅವನಿಗೀಗ ಮೂವತ್ತರ ಹತ್ತಿರ. ನನ್ನ ಹತ್ತನೇ ತರಗತಿಯಲ್ಲಿ ಕನ್ನಡ ಕಲಿತವನು. ಅಪ್ಪ, ಅಮ್ಮ ಇಬ್ಬರೂ ಕೂಲಿ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿದ್ದು ಓದಿ, ಇಂಜಿನಿಯರಿಂಗ್ ಮುಗಿಸಿ, ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೊಬೈಲ್ ಆ್ಯಪ್ ಮಾಡುವ ಕೆಲಸದಲ್ಲಿದ್ದಾನೆ. ಅವನ ಸಂಬಳದಿಂದ ಊರಿನಲ್ಲಿ ಸೋರದ ಮನೆ ಎದ್ದಿದೆ. ತಂಗಿ ನರ್ಸಿಂಗ್ ಓದುತ್ತಿದ್ದಾಳೆ. ನಮ್ಮ ಕೇರಿಯ ಮಕ್ಕಳಿಗೆ "ಅವನನ್ನ ನೋಡಿ ಕಲೀರಿ" ಎಂದು ನಾವೆಲ್ಲ ಹೇಳುವ ಹುಡುಗ.

"ಮೇಡಂ, ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನು ಮಾಡ್ತಿರೋ ಕೆಲಸ ಸಮ್ಮಾ ಆಜೀವನಾ?" ಎಂದ.

"ಯಾಕಪ್ಪಾ, ಕಂಪ್ಯೂಟರ್ ಮುಂದೆ ಕೂತು ದುಡೀತೀಯ, ಯಾರ ತಲೇನೂ ಒಡೀತಿಲ್ವಲ್ಲ" ಎಂದೆ.

ಆಗ ಅವನು ಬಿಡಿಸಿ ಹೇಳಿದ. ಅವರ ಆ್ಯಪ್‌ನಲ್ಲಿ ಚಿಕ್ಕ ಚಿಕ್ಕ ವಿಡಿಯೋಗಳು, ಆಟಗಳು ಇರುತ್ತವೆ. ಅದನ್ನು ಹೆಚ್ಚು ಹೆಚ್ಚು "ಎಂಗೇಜಿಂಗ್" ಮಾಡುವುದು ಅವನ ತಂಡದ ಕೆಲಸ. ಅಂದರೆ ಒಮ್ಮೆ ತೆರೆದವರು ಬೇಗ ಮುಚ್ಚಬಾರದು, ಮುಚ್ಚಿದವರು ನಾಳೆ ಮತ್ತೆ ಬರಬೇಕು. ಎಷ್ಟು ಜನ, ಎಷ್ಟು ನಿಮಿಷ ಎಂದು ಪ್ರತಿ ವಾರ ಲೆಕ್ಕ ಹಾಕುತ್ತಾರೆ. ಕಳೆದ ತಿಂಗಳು ಮೀಟಿಂಗಿನಲ್ಲಿ ಒಂದು ಗ್ರಾಫ್ ತೋರಿಸಿದರಂತೆ. ಶಾಲಾ ಕಾಲೇಜಿನ ಮಕ್ಕಳಿಗೆ ನೋಟಿಫಿಕೇಶನ್ ಕಳಿಸಿದರೆ ಅತಿ ಹೆಚ್ಚು ಮಂದಿ ಒತ್ತುವುದು ರಾತ್ರಿ 9ರಿಂದ 11ರ ನಡುವೆ. ಹಾಗಾಗಿ ಇನ್ನು ಮೇಲೆ 9.30ಕ್ಕೆ ಸರಿಯಾಗಿ ಕಳಿಸುವ ಏರ್ಪಾಡು ಮಾಡಬೇಕು. ಆ ಕೆಲಸ ಇವನ ಪಾಲಿಗೆ ಬಂತು.

"ಮೇಡಂ, ನಮ್ಮ ಹಾಸ್ಟೆಲ್ಲಲ್ಲಿ ಊಟ ಆದ್ಮೇಲೆ ಓದೋಕೆ ಕೂರಿಸ್ತಿದ್ದಿದ್ದು ಅದೇ ಹೊತ್ತು. ದೊಡ್ಡ ಹಾಲು, ಎರಡು ಟ್ಯೂಬ್‌ಲೈಟು, ಎಲ್ಲರೂ ನೆಲದ ಮೇಲೆ. ಆ ಎರಡು ಗಂಟೆನೇ ನನ್ನನ್ನ ಇಲ್ಲಿಗೆ ತಂದಿದ್ದು. ಈಗ ಅದೇ ಎರಡು ಗಂಟೇಲಿ ನನ್ನಂಥ ಹುಡುಗನ ಜೇಬಲ್ಲಿ ಫೋನು ಗುಂಯ್ ಅನ್ನೋ ಹಾಗೆ ನಾನು ಮಾಡ್ಬೇಕು."

ಅಷ್ಟು ಹೇಳಿ ಸುಮ್ಮನಾದ. ನಾನು, "ನನಗೆ ಗೊತ್ತಾಗ್ತಿಲ್ಲ ಕಣಪ್ಪಾ, ಒಂದು ವಾರ ಟೈಮ್ ಕೊಡು" ಎಂದೆ.

ಸುಲಭದ ಉತ್ತರವೊಂದು ಇತ್ತು. ಮೊಬೈಲೇ ಹಾಳು, ಅದರಿಂದಲೇ ಮಕ್ಕಳು ಕೆಟ್ಟರು, ಅದರ ಸಹವಾಸವೇ ಬೇಡ ಎನ್ನುವುದು. ಪೋಷಕರ ಸಭೆಯಲ್ಲಿ ನಾವು ಶಿಕ್ಷಕರು ಇದನ್ನೇ ಹೇಳುತ್ತೇವೆ. ಆದರೆ ಬಾಬಾಸಾಹೇಬರನ್ನು ಓದಿದವರಿಗೆ ಈ ಉತ್ತರ ದಕ್ಕುವುದಿಲ್ಲ.

ಗಾಂಧೀಜಿ 1909ರ ತಮ್ಮ 'ಹಿಂದ್ ಸ್ವರಾಜ್'ನಲ್ಲಿ ಯಂತ್ರಗಳನ್ನೂ ಯಂತ್ರ ನಾಗರಿಕತೆಯನ್ನೂ ಕಟುವಾಗಿ ಟೀಕಿಸಿದ್ದರು. ಬಾಬಾಸಾಹೇಬರು 1945ರಲ್ಲಿ ಪ್ರಕಟವಾದ, ಅಸ್ಪೃಶ್ಯರಿಗೆ ಕಾಂಗ್ರೆಸ್ ಮತ್ತು ಗಾಂಧಿ ಮಾಡಿದ್ದೇನು ಎಂದು ಕೇಳುವ ತಮ್ಮ ಪುಸ್ತಕದಲ್ಲಿ ಈ ವಿಚಾರಕ್ಕೆ ನೇರ ಉತ್ತರ ಕೊಟ್ಟರು. ಅವರ ವಾದದ ಸಾರ ಇಷ್ಟು: ಮನುಷ್ಯ ಪ್ರಾಣಿಯಂತೆ ಹೊಟ್ಟೆಪಾಡಿಗಾಗಿಯೇ ದಿನವೆಲ್ಲ ದುಡಿದರೆ ಮನಸ್ಸನ್ನು ಬೆಳೆಸಿಕೊಳ್ಳಲು ಅವನಿಗೆ ಹೊತ್ತೇ ಇರುವುದಿಲ್ಲ. ಬಿಡುವು ಇಲ್ಲದೆ ಸಂಸ್ಕೃತಿಯಿಲ್ಲ. ಎಲ್ಲರಿಗೂ ಬಿಡುವು ಸಿಗಬೇಕಾದರೆ ಯಂತ್ರ ಬೇಕೇ ಬೇಕು. ಯಂತ್ರದಿಂದ ಕೆಡುಕಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭವೆಲ್ಲ ಕೆಲವರ ಪಾಲಾಗುವಂತೆ ಕಟ್ಟಿದ ಸಮಾಜದ್ದು.

ಈ ಮಾತಿನ ತೂಕ ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತು. ಓದು ಅವರಿಗೆ ನಿಷಿದ್ಧವಾಗಿತ್ತು. ನಿಷೇಧ ಇಲ್ಲದ ಕಡೆಯೂ ಹೊತ್ತು ಇರಲಿಲ್ಲ. ಕೋಳಿ ಕೂಗುವ ಮುಂಚೆ ಗೌಡರ ಹೊಲಕ್ಕೆ ಹೋದವರು ಕತ್ತಲಾದ ಮೇಲೆ ಬರುತ್ತಿದ್ದರು. ಜಾತಿ ನಮ್ಮಿಂದ ನೀರು, ದಾರಿ, ಅಕ್ಷರ ಕಿತ್ತುಕೊಂಡಿತು ಎನ್ನುತ್ತೇವೆ. ಹೊತ್ತನ್ನೂ ಕಿತ್ತುಕೊಂಡಿತ್ತು.

ಬಾಬಾಸಾಹೇಬರು ಇದನ್ನು ಪುಸ್ತಕದಲ್ಲಿ ಬರೆದು ಕೈತೊಳೆದುಕೊಳ್ಳಲಿಲ್ಲ. 1942ರಿಂದ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ ಕೆಲಸದ ಅವಧಿ ಇಳಿಸಲು ದುಡಿದರು. 1946ರ ಕಾರ್ಖಾನೆಗಳ ತಿದ್ದುಪಡಿ ಕಾಯ್ದೆಯಿಂದ, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ ವಾರಕ್ಕೆ 54 ಗಂಟೆ ಇದ್ದ ದುಡಿಮೆ 48 ಗಂಟೆಗೆ ಇಳಿಯಿತು. ವಾರಕ್ಕೆ ಆರು ಗಂಟೆ. ಒಬ್ಬ ಕೂಲಿಗಾರನಿಗೆ ಆರು ಗಂಟೆ ಬಿಡುವು ಕೊಡಿಸಲು ಅಷ್ಟು ಹೋರಾಟ ಬೇಕಾಯಿತು. ಈಗ ಆರು ಗಂಟೆಯನ್ನು ನಮ್ಮ ಮನೆಯಲ್ಲಿ ಎರಡು ಮೂರು ದಿನದಲ್ಲಿ ಕಳೆದುಬಿಡುತ್ತೇವೆ.

ಕನ್ನಡದಲ್ಲಿ 'ಬಿಡುವು' ಎಂಬ ಪದವನ್ನು ಸ್ವಲ್ಪ ನಿಂತು ನೋಡಿ. 'ಬಿಡು' ಎಂಬ ಧಾತುವಿನಿಂದ ಬಂದದ್ದು. 'ಬಿಡುಗಡೆ'ಯೂ ಅದರಿಂದಲೇ. ಬಿಡುವು ಇಲ್ಲದವನಿಗೆ ಬಿಡುಗಡೆ ಇಲ್ಲ ಎಂದು ನಮ್ಮ ನುಡಿಯೇ ಹೇಳುತ್ತಿರುವಂತಿದೆ. ಹಾಗಾದರೆ ಯಾವ ಯಂತ್ರವನ್ನಾದರೂ ಅಳೆಯಲು ಬಾಬಾಸಾಹೇಬರಿಂದ ನಮಗೊಂದು ಅಳತೆಗೋಲು ಸಿಕ್ಕಿತು. ಇದು ಮನುಷ್ಯನಿಗೆ ಬಿಡುವು ಕೊಡುತ್ತದೆಯೋ, ಇರುವ ಬಿಡುವನ್ನೇ ನುಂಗುತ್ತದೆಯೋ?

ಈಗ ಆ್ಯಪ್‌ಗಳನ್ನು ಹೇಗೆ ಮಾಡುತ್ತಾರೆ ಎಂದು ನೋಡೋಣ. ಹುಡುಗ ಹೇಳಿದ್ದು, ನಾನು ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು ಇಂಟರ್‌ನೆಟ್‌ನಲ್ಲಿ ಪುಟ ಮುಗಿಯುತ್ತಿತ್ತು. ಕೆಳಗೆ 'ಮುಂದಿನ ಪುಟ' ಎಂದು ಇರುತ್ತಿತ್ತು, ಬೇಕಿದ್ದರೆ ಒತ್ತಬೇಕು. 2006ರಲ್ಲಿ ಅಮೆರಿಕದ ಆಜಾ ರಾಸ್ಕಿನ್ ಎಂಬ ವಿನ್ಯಾಸಕ ಪುಟ ಮುಗಿಯದ ಹಾಗೆ, ಬೆರಳು ಸರಿಸಿದಷ್ಟೂ ಹೊಸದು ಬರುವ ಹಾಗೆ ಮಾಡಿದ. ಓದುವವರಿಗೆ ಅನುಕೂಲವಾಗಲಿ ಎಂಬುದು ಅವನ ಉದ್ದೇಶ. ಕೊನೆಯೇ ಇಲ್ಲದ್ದರಿಂದ ಜನ ನಿಲ್ಲಿಸುವುದನ್ನೇ ಮರೆತರು. ಮುಂದೆ ಅವನೇ ಇದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟ.

ಇನ್ನೊಂದು ತಂತ್ರ ಅದಕ್ಕಿಂತ ಹಳೆಯದು. ಬಿ.ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಇಲಿ, ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಗುಂಡಿ ಒತ್ತಿದರೆ ಕಾಳು. ಯಾವ ಸಲ ಕಾಳು ಬರುತ್ತದೆ, ಯಾವ ಸಲ ಬರುವುದಿಲ್ಲ ಎಂದು ಗೊತ್ತಾಗದಂತೆ ಮಾಡಿದಾಗ ಪ್ರಾಣಿ ಬಿಡದೆ ಒತ್ತುತ್ತಲೇ ಇರುತ್ತದೆ. ಇಸ್ಪೀಟು, ಲಾಟರಿಗಳ ಹುಚ್ಚಿನ ಗುಟ್ಟೂ ಇದೇ. ನಾವು ಹಣ ಕಳಿಸುವ ಕೆಲವು ಆ್ಯಪ್‌ಗಳಲ್ಲಿ ಸ್ಕ್ರ್ಯಾಚ್ ಕಾರ್ಡ್ ಬರುತ್ತದಲ್ಲ, ಕೆರೆದರೆ ಹತ್ತು ಸಲಕ್ಕೆ ಒಂದು ಸಲ ಮೂರು ರೂಪಾಯಿ, ಉಳಿದದ್ದೆಲ್ಲ 'ಮುಂದಿನ ಸಲ ಅದೃಷ್ಟ'. ಅದೂ ಅದೇ ಕಾಳು. ಪ್ರತಿದಿನ ಬಂದರೆ ಲೆಕ್ಕ ಏರುತ್ತದೆ, ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಯುತ್ತದೆ ಎಂಬುದು ಮತ್ತೊಂದು ತಂತ್ರ. ಜ್ವರ ಬಂದು ಮಲಗಿದ ಮಗು ಲೆಕ್ಕ ತಪ್ಪೀತು ಎಂದು ಚಾರ್ಜರಿಗಾಗಿ ಅತ್ತದ್ದನ್ನು ನಾನೇ ಕಂಡಿದ್ದೇನೆ.

ಧಮ್ಮ ಓದುವ ನಮಗೆ ಇದು ಹೊಸದಲ್ಲ. ಪಟಿಚ್ಚಸಮುಪ್ಪಾದದ ಸರಪಳಿಯನ್ನು ನೆನೆಯಿರಿ. ಫಸ್ಸ, ಅಂದರೆ ಸ್ಪರ್ಶ. ಅದರಿಂದ ವೇದನಾ, ಅಂದರೆ ಹಿತವೋ ಅಹಿತವೋ ಎಂಬ ಅನುಭವ. ಅದರಿಂದ ತಣ್ಹಾ, ಇನ್ನೂ ಬೇಕೆಂಬ ದಾಹ. ಅದರಿಂದ ಉಪಾದಾನ, ಹಿಡಿದುಕೊಳ್ಳುವುದು. ವೇದನೆಗೂ ತಣ್ಹೆಗೂ ನಡುವೆ ಒಂದು ಸಣ್ಣ ಸಂದಿ ಇದೆ, ಸ್ಮೃತಿ ನಿಲ್ಲಬೇಕಾದ್ದು ಅಲ್ಲಿ ಎಂದು ಭಂತೇಜಿಗಳು ಹೇಳುತ್ತಾರೆ. ಹಿತವಾಗಿದೆ, ಸರಿ, ಆದರೆ ಇನ್ನೂ ಬೇಕೆ ಎಂದು ಕೇಳಿಕೊಳ್ಳುವ ಜಾಗ. ಪುಟದ ಕೊನೆಯಲ್ಲಿದ್ದ ಆ 'ಮುಂದಿನ ಪುಟ' ಎಂಬುದು ಅಂಥದೊಂದು ಸಂದಿಯಾಗಿತ್ತು. ಎಂಗೇಜಿಂಗ್ ಮಾಡುವುದೆಂದರೆ ಹುಡುಕಿ ಹುಡುಕಿ ಆ ಸಂದಿಗಳನ್ನು ಮುಚ್ಚುವುದು.

ಹುಡುಗನ ಪ್ರಶ್ನೆಗೆ ಹಿಂತಿರುಗೋಣ. ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಬುದ್ಧರು ಅಂಗುತ್ತರ ನಿಕಾಯದಲ್ಲಿ ಹೇಳಿದ್ದಾರೆ. ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಆ್ಯಪ್ ಈ ಪಟ್ಟಿಯಲ್ಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆದರೆ ಮದ್ಯ ಯಾಕಿದೆ? ಐದನೆಯ ಶೀಲದಲ್ಲಿ ಕಾರಣವೂ ಇದೆ. ಮದ್ಯ 'ಪಮಾದ'ಕ್ಕೆ, ಎಂದರೆ ಮೈಮರೆವಿಗೆ, ಎಚ್ಚರಗೇಡಿತನಕ್ಕೆ ನೆಲೆ. ಬುದ್ಧರು ಕೊನೆಯುಸಿರಿನ ಹೊತ್ತಿಗೂ ಭಿಕ್ಖುಗಳಿಗೆ ಹೇಳಿದ್ದು ಅಪ್ಪಮಾದವನ್ನೇ, ಎಚ್ಚರವನ್ನೇ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಎಂಬುದೂ ಒಂದು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ನ್ಯಾಯವಾದವು.

ಒಂದು: ಜನರನ್ನು ಹಿಡಿದಿಡುವುದೇ ತಪ್ಪೇ? ಒಳ್ಳೆಯ ಕಾದಂಬರಿ ರಾತ್ರಿಯೆಲ್ಲ ಓದಿಸಿಕೊಳ್ಳುತ್ತದೆ. ನಾನೂ ತರಗತಿಯಲ್ಲಿ ಕಥೆಯನ್ನು ಕುತೂಹಲದ ಜಾಗದಲ್ಲಿ ನಿಲ್ಲಿಸಿ "ಉಳಿದದ್ದು ನಾಳೆ" ಎನ್ನುತ್ತೇನೆ. ಮಕ್ಕಳು "ಅಯ್ಯೋ ಮಿಸ್" ಎಂದರೆ ನನಗೆ ಖುಷಿಯೇ. ಹಾಗಾದರೆ ನನಗೂ ಆ ಕಂಪನಿಗೂ ಏನು ವ್ಯತ್ಯಾಸ?

ಬಹಳ ಯೋಚಿಸಿದೆ. ವ್ಯತ್ಯಾಸ ಇರುವುದು ಗಂಟೆ ಹೊಡೆದ ಮೇಲೆ. ಗಂಟೆ ಹೊಡೆದರೆ ನಾನು ಬಿಡುತ್ತೇನೆ. ವರ್ಷ ಮುಗಿದರೆ ಆ ಮಗು ನನ್ನನ್ನು ಬಿಟ್ಟು ಮುಂದೆ ಹೋಗಬೇಕು, ನಾನಿಲ್ಲದೆ ತಾನೇ ಓದಬೇಕು, ನನ್ನ ಪಾಠ ಸಾರ್ಥಕವಾಗುವುದು ಆಗಲೇ. ಬುದ್ಧರು ತಮ್ಮ ಧಮ್ಮವನ್ನೇ ತೆಪ್ಪಕ್ಕೆ ಹೋಲಿಸಿದರು. ತೆಪ್ಪ ಹೊಳೆ ದಾಟಲು, ದಾಟಿದ ಮೇಲೆ ತಲೆಯ ಮೇಲೆ ಹೊತ್ತು ತಿರುಗಲು ಅಲ್ಲ. ಧಮ್ಮವೇ ತನ್ನನ್ನು ಅಂಟಿಕೊಳ್ಳಬೇಡ ಎನ್ನುವಾಗ ಒಂದು ಆ್ಯಪ್ ನಮ್ಮನ್ನು ಅಂಟಿಸಿಕೊಳ್ಳಬಹುದೇ?

ತೆಪ್ಪದಂಥ ಆ್ಯಪ್‌ಗಳೂ ಇವೆ. 2016ರ ಡಿಸೆಂಬರ್ 30ರಂದು ಬಂದ, ಬಾಬಾಸಾಹೇಬರ ಹೆಸರನ್ನು ನೆನಪಿಸುವ 'ಭೀಮ್' ಆ್ಯಪ್‌ನಂಥವನ್ನು ನೋಡಿ. ಹಣ ಕಳಿಸಬೇಕು, ತೆರೆಯುತ್ತೇವೆ, ಕಳಿಸುತ್ತೇವೆ, ಮುಚ್ಚುತ್ತೇವೆ. ಬ್ಯಾಂಕಿನ ಮುಂದೆ ಅರ್ಧ ದಿನ ಸರದಿ ನಿಲ್ಲುತ್ತಿದ್ದ ಕೂಲಿಯವನಿಗೆ ಆ ಅರ್ಧ ದಿನ ಉಳಿಯಿತು. ಬಸ್ಸಿನ ಸಮಯ, ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಕಣ್ಣು ಕಾಣದವರಿಗೆ ಅಕ್ಷರ ಓದಿ ಹೇಳುವ ಆ್ಯಪ್, ಇವೆಲ್ಲ ಆ ಸಾಲಿನವು. ಇಂಥವನ್ನು ಇನ್ನಷ್ಟು ಚೆನ್ನಾಗಿ, ಇನ್ನಷ್ಟು ಸುಲಭವಾಗಿ ಮಾಡುವುದು ನಿಸ್ಸಂಶಯವಾಗಿ ಸಮ್ಮಾ ಆಜೀವ. ನಮ್ಮ ಮಕ್ಕಳು ಆ ಕೆಲಸಕ್ಕೆ ಹೆಚ್ಚು ಹೆಚ್ಚು ಹೋಗಬೇಕು.

ಎರಡನೆಯ ಆಕ್ಷೇಪ: ಯಾರೂ ಬಲವಂತ ಮಾಡಿಲ್ಲವಲ್ಲ, ನೋಡುವುದು ಬಿಡುವುದು ಅವರವರ ಕೈಯಲ್ಲಿದೆ. ಈ ಮಾತನ್ನು ನಾನು ಚಿಕ್ಕವಳಿದ್ದಾಗ ಬೇರೆ ಕಡೆ ಕೇಳಿದ್ದೇನೆ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಗುವ ಮುಂಚೆ ನಮ್ಮ ಕೇರಿಯ ಬಾಯಲ್ಲೇ ಸಾರಾಯಿ ಅಂಗಡಿ ಇತ್ತು. ಬಟವಾಡೆಯ ಸಂಜೆ ಅದರ ಮುಂದೆ ದೀಪ ಜೋರಾಗಿ ಉರಿಯುತ್ತಿತ್ತು. "ನಾವೇನು ಬಾಯಿಗೆ ಸುರೀತೀವಾ, ಕುಡಿಯೋದು ಬಿಡೋದು ಅವನಿಷ್ಟ" ಎಂದು ಅಂಗಡಿಯವರು ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಆದರೆ ಅಂಗಡಿಯನ್ನು ಆ ಜಾಗದಲ್ಲಿ ಇಟ್ಟವರು ಯಾರು? ಬಟವಾಡೆಯ ಸಂಜೆ ಅವನ ಕೈಯಲ್ಲಿ ದುಡ್ಡಿರುತ್ತದೆ, ಮೈಯಲ್ಲಿ ದಣಿವಿರುತ್ತದೆ, ಆಗ ಅವನು ಬೇಡ ಎನ್ನಲಾರ ಎಂದು ಲೆಕ್ಕ ಹಾಕಿದವರು ಯಾರು? ನಮ್ಮ ತಾಯಂದಿರು ಸಾರಾಯಿ ಅಂಗಡಿಯ ವಿರುದ್ಧ ನಿಂತಾಗ ಕೇಳಿದ ಪ್ರಶ್ನೆ ಅದೇ.

ಚೇತನಾ, ಅಂದರೆ ಉದ್ದೇಶವನ್ನೇ ಬುದ್ಧರು ಕಮ್ಮ ಎಂದರು. ಕುಡಿಯುವವನ ಕಮ್ಮ ಅವನದು. ಅವನ ದಣಿವಿನ ಗಳಿಗೆಯನ್ನು ಲೆಕ್ಕ ಹಾಕಿ ಬಲೆ ಹಾಕುವುದು ಬೇರೆಯದೇ ಕಮ್ಮ, ಅದು ಹಾಕಿದವನದು. ರಾತ್ರಿ 9.30ರ ನೋಟಿಫಿಕೇಶನ್ ಆ ಬಟವಾಡೆ ಸಂಜೆಯ ದೀಪದ ಜಾತಿಯದು ಎಂದು ನನಗೆ ಅನ್ನಿಸಿತು. ಅದು ತಾಗುವುದು ಯಾರಿಗೆ? ಮನೆಯಲ್ಲಿ ಬೇರೆ ಕೋಣೆ, ಟ್ಯೂಷನ್, ಗದರಿಸಿ ಓದಿಸುವ ಓದಿದ ಅಪ್ಪ ಅಮ್ಮ ಇರುವ ಮಗುವಿಗೆ ಸ್ವಲ್ಪ ತಾಗೀತು. ಆ ಎರಡು ಗಂಟೆಯೊಂದನ್ನು ಬಿಟ್ಟು ಬೇರೆ ಆಸ್ತಿಯೇ ಇಲ್ಲದ ಮಗುವಿಗೆ ಬಲವಾಗಿ ತಾಗುತ್ತದೆ.

ಹಾಗಾದರೆ ಅವನಿಗೆ ಏನು ಹೇಳಿದೆ?

ಕೆಲಸ ಬಿಡು ಎನ್ನಲಿಲ್ಲ. ಹಾಗೆನ್ನುವುದು ನನಗೆ ಸುಲಭ, ತಿಂಗಳಿಗೆ ಸರಿಯಾಗಿ ಸರ್ಕಾರಿ ಸಂಬಳ ಬರುತ್ತದೆ. ಅವನ ತಲೆಯ ಮೇಲೆ ಮನೆ ಸಾಲವಿದೆ, ತಂಗಿಯ ಫೀಸು ಇದೆ. ಹಿಂದೆ ತಲೆಮಾರುಗಳ ಹಸಿವು ಇದೆ. ನಮ್ಮವರು ಇಂಥ ಕೋಣೆಗಳ ಒಳಗೆ ಹೋಗಿ ಕೂರಲು ಎಷ್ಟು ಕಾಲ ಬೇಕಾಯಿತು! ಒಳಗಿದ್ದವನು ಹೊರಗೆ ಬಂದರೆ ಆ ಹಾಸ್ಟೆಲ್ ಹಾಲಿನ ನೆನಪಿರುವವರು ಆ ಮೀಟಿಂಗಿನಲ್ಲಿ ಯಾರೂ ಉಳಿಯುವುದಿಲ್ಲ.

ಬುದ್ಧರು ಮಗ ರಾಹುಲನಿಗೆ ಹೇಳಿದ ಉಪದೇಶವನ್ನು ನೆನಪಿಸಿದೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಒಂದು ಕೆಲಸವನ್ನು ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ಮೂರು ಸಲವೂ ನೋಡಿಕೊಳ್ಳಬೇಕು, ಇದರಿಂದ ನನಗಾಗಲಿ ಇತರರಿಗಾಗಲಿ ಕೆಡುಕಿದೆಯೇ ಎಂದು. ಕೆಡುಕು ಕಂಡರೆ ನಡುವೆಯೇ ನಿಲ್ಲಿಸಬಹುದು. ಮಾಡಿ ಮುಗಿದಿದ್ದರೆ ತಿಳಿದವರ ಮುಂದೆ ಒಪ್ಪಿಕೊಂಡು ಮುಂದೆ ತಡೆಯಬಹುದು. ಅವನು ನನ್ನ ಬಳಿ ಬಂದದ್ದೇ ಆ ಒಪ್ಪಿಕೊಳ್ಳುವಿಕೆ.

ಇದನ್ನು ಆ್ಯಪ್ ಮಾಡುವವರ ಭಾಷೆಗೆ ತಂದರೆ ಮೂರು ಪ್ರಶ್ನೆಗಳಾಗುತ್ತವೆ. ಬಳಸುವವನು ಬಂದ ಕೆಲಸ ಮುಗಿದ ಮೇಲೆ ಅವನನ್ನು ಬಿಡುತ್ತೇವೆಯೇ? ನಾವು ಹೀಗೆ ಮಾಡಿದ್ದೇವೆ ಎಂದು ಅವನ ಮುಖ ನೋಡಿ ಹೇಳಬಲ್ಲೆವೇ? ನಮ್ಮ ಮನೆಯ ಮಗುವಿನ ಫೋನಿಗೆ ಇದನ್ನು ಹಾಕುತ್ತೇವೆಯೇ?

ಹೀಗೆ ಒಳಗಿಂದಲೇ ಮಾತೆತ್ತಿದವರು ಇದ್ದಾರೆ. 2013ರಲ್ಲಿ ಗೂಗಲ್‌ನ ನೌಕರ ಟ್ರಿಸ್ಟನ್ ಹ್ಯಾರಿಸ್, ಜನರ ಗಮನವನ್ನು ನಾವು ಗೌರವಿಸಬೇಕು ಎಂದು ಸಹೋದ್ಯೋಗಿಗಳಿಗೆ ಒಂದು ಟಿಪ್ಪಣಿ ಹಂಚಿದ. ಅದು ಕಂಪನಿಯ ತುಂಬ ಹರಡಿತು. ಮುಂದೆ ಅವನೂ ಆಜಾ ರಾಸ್ಕಿನ್ನನೂ ಸೇರಿ ಇದಕ್ಕೆಂದೇ ಸಂಸ್ಥೆ ಕಟ್ಟಿದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರನ್ನು ಯಾಮಾರಿಸುವ, ಪದೇ ಪದೇ ಪೀಡಿಸುವ 13 ಬಗೆಯ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ತಡೆದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಷೇಧಿಸಿತು. ಗೆರೆ ಎಳೆಯಲು ಸಾಧ್ಯ ಎಂಬುದಕ್ಕೆ ಇವು ಸಾಕ್ಷಿ. ಬಾಬಾಸಾಹೇಬರು ಹೇಳಿದ್ದೂ ಅದೇ, ಯಂತ್ರವನ್ನು ಮುರಿಯಬೇಡಿ, ಅದನ್ನು ಕಟ್ಟಿರುವ ವ್ಯವಸ್ಥೆಯನ್ನು ತಿದ್ದಿ.

ಮೊನ್ನೆ ಗುರುವಾರ ಅವನು ಫೋನ್ ಮಾಡಿದ್ದ. ಮೀಟಿಂಗಿನಲ್ಲಿ ಹೇಳಿದನಂತೆ, ಇದು ಮಕ್ಕಳು ಓದುವ ಹೊತ್ತು, 9ರಿಂದ 11 ಬಿಟ್ಟುಬಿಡೋಣ ಎಂದು. "ಎಲ್ರೂ ಒಂದು ಗಳಿಗೆ ಸುಮ್ನಾದ್ರು ಮೇಡಂ. ಆಮೇಲೆ ನೋಡೋಣ ಅಂದ್ರು." ಇನ್ನೂ ತೀರ್ಮಾನವಾಗಿಲ್ಲ. ಬೇರೆ ತಂಡಕ್ಕೆ ಹಾಕಿ ಎಂದೂ ಕೇಳಿಕೊಂಡಿದ್ದಾನೆ. ಅದರಿಂದ ಈ ವರ್ಷದ ಇಂಕ್ರಿಮೆಂಟು ತಪ್ಪಬಹುದು. ಗೆದ್ದ ಎಂದು ಹೇಳಲಾರೆ. ಶೀಲ ಪಾಲಿಸಲು ಬೆಲೆ ಕಟ್ಟಬೇಕಾಗುತ್ತದೆ ಎಂದು ನಾವು ಪಾಠ ಮಾಡುತ್ತೇವೆ. ಅವನು ಕಟ್ಟುತ್ತಿದ್ದಾನೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಈ ಚಿಂತನೆಯನ್ನು ಬೆಳಿಗ್ಗೆ 6ಕ್ಕೆ ಕಳಿಸಿದ ಮೇಲೆ ನಾನೂ ಫೋನ್ ನೋಡುತ್ತಲೇ ಇರುತ್ತೇನೆ. ಎಷ್ಟು ನೀಲಿ ಗೆರೆ ಬಂತು, ಎಷ್ಟು ಜನ ಕೈ ಮುಗಿದ ಚಿತ್ರ ಹಾಕಿದರು, ಯಾರು 'ಸಾಧು' ಎಂದರು. ಕಡಿಮೆ ಬಂದ ದಿನ ನಾಳೆಗೆ ಸೆಳೆಯುವ ತಲೆಬರಹ ಹುಡುಕುತ್ತೇನೆ. ಇಲಿಯ ಗುಂಡಿ ನನ್ನ ಕೈಯಲ್ಲೂ ಇದೆ. ಇನ್ನು ಮೇಲೆ ಕಳಿಸಿ ಫೋನ್ ಮುಚ್ಚಿಟ್ಟು ಹತ್ತು ನಿಮಿಷ ಆನಾಪಾನ ಮಾಡುತ್ತೇನೆ ಎಂದು ನಿಶ್ಚಯಿಸಿದ್ದೇನೆ. ನೀವೂ ಓದಿ ಮುಗಿಸಿ ಮುಚ್ಚಿಡಿ. ಉತ್ತರ ಕಳಿಸಬೇಕಿಲ್ಲ, ಮುಂದಿನ ಭಾನುವಾರ ವಿಹಾರದಲ್ಲಿ ಎದುರಾ ಎದುರು ಮಾತಾಡೋಣ.

ಇಂದಿನ ಅಭ್ಯಾಸ:
ಓದುವ ಮಕ್ಕಳಿರುವ ಮನೆಯಲ್ಲಿ ಇಂದು ರಾತ್ರಿ 9ರಿಂದ 11ರವರೆಗೆ ಎಲ್ಲರ ಫೋನೂ ಒಂದು ಬುಟ್ಟಿಯಲ್ಲಿರಲಿ. ಮಕ್ಕಳದು ಮಾತ್ರ ಅಲ್ಲ, ಅಪ್ಪನದು, ಅಮ್ಮನದು, ಅಜ್ಜಿಯದು ಕೂಡ. ಮಗು ಓದುವಾಗ ಪಕ್ಕದಲ್ಲಿ ನೀವೂ ಬಾಬಾಸಾಹೇಬರ ಒಂದು ಪುಟ ಓದಿ. ಓದು ಬಾರದಿದ್ದರೆ ಮಗುವಿನಿಂದ ಓದಿಸಿ ಕೇಳಿ. ಆ್ಯಪ್ ಮಾಡುವ ಕೆಲಸದಲ್ಲಿರುವ ನಮ್ಮ ಮಕ್ಕಳು ಮೇಲಿನ ಮೂರು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೆಲಸದ ಮೇಜಿನ ಮೇಲೆ ಇಟ್ಟುಕೊಳ್ಳಲಿ.

ಎಲ್ಲರಿಗೂ ಬಿಡುವು ಸಿಗಲಿ, ಬಿಡುಗಡೆ ಸಿಗಲಿ.

ಭವತು ಸಬ್ಬ ಮಂಗಳಂ.
ಸಾಧು, ಸಾಧು, ಸಾಧು.